ಬೀದಿಯ ಸಾಮಾನು ಮತ್ತು ನಡೆಯುವವರ ದಾರಿ

ಮನೆಗೆ ಸಾಮಾನು ಇರುವಂತೆ ಬೀದಿಗೂ ಸಾಮಾನು ಇರುತ್ತದೆ. ದೀಪದ ಕಂಬ, ಬೆಂಚು, ಕಸದ ಡಬ್ಬಿ, ಬೀದಿಯ ಹೆಸರಿನ ಹಲಗೆ, ಬಸ್ಸು ನಿಲ್ಲುವ ಕಡೆಯ ಚಪ್ಪರ, ವಿದ್ಯುತ್ತಿನ ಪೆಟ್ಟಿಗೆ, ಕಬ್ಬಿಣದ ಕಟಾಂಜನ, ಗಾಡಿಗಳನ್ನು ತಡೆಯುವ ಗಿಡ್ಡ ಕಂಬ, ಮರದ ಸುತ್ತಲಿನ ಕಟ್ಟೆ ಇವೆಲ್ಲ ಬೀದಿಯ ಸಾಮಾನುಗಳೇ. ನಗರರಚನೆಯ ಪುಸ್ತಕಗಳಲ್ಲಿ ಇವಕ್ಕೆ ಬೀದಿಯ ಪೀಠೋಪಕರಣಗಳೆಂಬ ಗಡಸು ಹೆಸರುಂಟು. ನಾವು ಈ ಪಾಠದಲ್ಲಿ ಸಾಮಾನು ಎಂದೇ ಕರೆಯೋಣ. ಮಂಚವನ್ನು ಗೋಡೆಗೆ ಒತ್ತಿ ಹಾಕಿದರೆ ಮಲಗಲು ಸುಖ. ಅದೇ ಮಂಚವನ್ನು ಬಾಗಿಲಿಗೆ ಅಡ್ಡಲಾಗಿ ಹಾಕಿದರೆ ಮನೆಮಂದಿಯ ಮೊಣಕಾಲಿಗೆಲ್ಲ ಪೆಟ್ಟು. ದೋಷ ಮಂಚದ್ದಲ್ಲ, ಇಟ್ಟ ಜಾಗದ್ದು. ಬೀದಿಯ ವಿಷಯದಲ್ಲಿಯೂ ನಾವು ಹೇಳಬೇಕಾದ ಮುಖ್ಯ ಮಾತು ಇದೇ.

ಈ ವಿಷಯವನ್ನು ನಮ್ಮ ಪತ್ರಿಕೆಗೆ ಏಕೆ ಆರಿಸಿಕೊಂಡೆವೆಂದು ಕೆಲವು ವಾಚಕರು ಕೇಳಬಹುದು. ವಾಚನಾಲಯಕ್ಕೆ ಬರುವವರಲ್ಲಿ ಬಹುಮಂದಿ ನಡೆದೇ ಬರುತ್ತಾರೆ. ಗುಮಾಸ್ತರಿರಲಿ, ಕಟ್ಟಡದ ಕೆಲಸದವರಿರಲಿ, ಹೋಟೆಲಿನ ಹುಡುಗರಿರಲಿ, ಆಟೋಕ್ಕೆ ಕೊಡುವ ಹಣವನ್ನು ಉಳಿಸಿದರೆ ಊರಿಗೆ ಕಳುಹಿಸುವ ಮೊಬಲಗು ಅಷ್ಟು ಹೆಚ್ಚಾಗುತ್ತದೆ. ೨೦೧೯ರ ಮಾರ್ಚಿಯಿಂದ ಸೀತಾಬರ್ಡಿಯಿಂದ ವರ್ಧಾ ರಸ್ತೆಯ ಕಡೆಗೂ, ೨೦೨೦ರ ಜನವರಿಯಿಂದ ಝಾಂಸಿ ರಾಣಿ ಚೌಕದ ಮೇಲಾಗಿ ಲೋಕಮಾನ್ಯ ನಗರದ ಕಡೆಗೂ ಮೆಟ್ರೋ ಓಡಾಡುತ್ತಿದೆ. ಆದರೆ ಮೆಟ್ರೋ ಆಗಲಿ ಬಸ್ಸಾಗಲಿ ನಮ್ಮನ್ನು ಮನೆಬಾಗಿಲಿಗೆ ತಂದು ಬಿಡುವುದಿಲ್ಲ. ಕೊನೆಯ ಹತ್ತು ಹದಿನೈದು ನಿಮಿಷ ಕಾಲಿನದೇ.

ಇದಲ್ಲದೆ ರಾಮದಾಸಪೇಠಕ್ಕೆ ಇನ್ನೊಂದು ವಿಶೇಷವುಂಟು. ಪಕ್ಕದ ಧಂತೋಲಿಯೂ ನಮ್ಮ ಪೇಠವೂ ಆಸ್ಪತ್ರೆಗಳ ಬೀಡು. ವಿದರ್ಭದ ಹಳ್ಳಿಗಳಿಂದ, ಮಧ್ಯಪ್ರದೇಶ ಛತ್ತೀಸಗಢಗಳಿಂದ ರೋಗಿಗಳು ಇಲ್ಲಿಗೆ ಬರುತ್ತಾರೆ. ರೋಗಿ ಒಳಗೆ ಮಲಗಿದ್ದರೆ ಅವನೊಡನೆ ಬಂದವರು ಹೊರಗೆ ಔಷಧದ ಅಂಗಡಿಗೆ, ರಕ್ತ ಪರೀಕ್ಷೆಯ ಕಡೆಗೆ, ಊಟದ ಡಬ್ಬಿ ತರಲು ದಿನವೆಲ್ಲ ಓಡಾಡುತ್ತಿರುತ್ತಾರೆ. ಹೀಗಾಗಿ ಇಲ್ಲಿಯ ಬೀದಿಗಳಲ್ಲಿ ನಡೆಯುವವರಲ್ಲಿ ಗಟ್ಟಿಮುಟ್ಟಾದವರು ಮಾತ್ರವೇ ಇರುವುದಿಲ್ಲ. ಊರುಗೋಲಿನವರು, ಶಸ್ತ್ರಚಿಕಿತ್ಸೆಯ ಹೊಲಿಗೆ ಇನ್ನೂ ಮಾಯದವರು, ಗಾಲಿಕುರ್ಚಿಯವರು, ಕಂಕುಳಲ್ಲಿ ಕೂಸು ಹೊತ್ತ ತಾಯಂದಿರು ಇದ್ದಾರೆ. ಫುಟ್‌ಪಾತಿನ ಮೇಲೆ ಅಡ್ಡ ಬಂದ ಒಂದು ಪೆಟ್ಟಿಗೆಯನ್ನು ನಾವು ಸುತ್ತಿ ಹೋಗಬಲ್ಲೆವು. ಅವರಿಗೆ ಅದು ರಸ್ತೆಗೆ ಇಳಿಯುವ ಪ್ರಸಂಗ, ರಸ್ತೆಗೆ ಇಳಿದರೆ ಮೋಟಾರಿನ ಎದುರಿಗೆ ನಿಲ್ಲುವ ಪ್ರಸಂಗ.

ಇದನ್ನು ಭಯಪಡಿಸಲು ಹೇಳುತ್ತಿಲ್ಲ. ೨೦೨೨ನೆಯ ಇಸವಿಯಲ್ಲಿ ಭಾರತದ ರಸ್ತೆ ಅಪಘಾತಗಳಲ್ಲಿ ಸತ್ತ ೧,೬೮,೪೯೧ ಜನರಲ್ಲಿ ೩೨,೮೨೫ ಮಂದಿ ನಡೆದುಹೋಗುತ್ತಿದ್ದವರೆಂದು ಕೇಂದ್ರ ಸರಕಾರದ ವರದಿಯೇ ಹೇಳಿದೆ. ಅಂದರೆ ಐದರಲ್ಲಿ ಒಬ್ಬರು.

ಹಾಗಾದರೆ ನಡೆಯುವವನಿಗೆ ಎಷ್ಟು ಜಾಗ ಬೇಕು? ಇದಕ್ಕೆ ಸರಕಾರಿ ಅಳತೆಯೇ ಉಂಟು. ಭಾರತೀಯ ರಸ್ತೆ ಕಾಂಗ್ರೆಸ್ಸೆಂಬ ಇಂಜಿನಿಯರರ ಸಂಸ್ಥೆ ಪಾದಚಾರಿಗಳ ಸೌಕರ್ಯದ ಬಗೆಗೆ ೨೦೧೨ರಲ್ಲಿ ಪರಿಷ್ಕರಿಸಿದ ಸೂತ್ರಗಳ ಪ್ರಕಾರ, ಫುಟ್‌ಪಾತಿನಲ್ಲಿ ಏನೂ ಅಡ್ಡವಿಲ್ಲದ ತೆರವಾದ ಅಗಲ ಕಡಿಮೆಯೆಂದರೂ ೧.೮ ಮೀಟರು ಇರಬೇಕು. ಅಂಗಡಿಸಾಲಿನಲ್ಲಿ ಇನ್ನೂ ಹೆಚ್ಚು. ತಲೆಯ ಮೇಲೆ ೨.೨ ಮೀಟರು ಎತ್ತರದವರೆಗೆ ಹಲಗೆ, ಕೊಂಬೆ, ಚಪ್ಪರ ಏನೂ ತಗಲಬಾರದು. ಅಂಚುಗಲ್ಲು ೧೫೦ ಮಿಲಿಮೀಟರಿಗಿಂತ, ಅಂದರೆ ಸುಮಾರು ಅರ್ಧ ಅಡಿಗಿಂತ, ಎತ್ತರವಾಗಿರಬಾರದು. ೧.೮ ಮೀಟರೆಂದರೆ ಎಷ್ಟೆಂದು ಮನಸ್ಸಿಗೆ ಹೊಳೆಯದಿದ್ದರೆ ನಮ್ಮ ವಾಚನಾಲಯದ ದಿನಪತ್ರಿಕೆಯೊಂದನ್ನು ಎರಡು ಕೈಯಲ್ಲಿ ಪೂರ್ತಿ ಬಿಡಿಸಿ ಹಿಡಿಯಿರಿ. ಅದರ ಅಗಲ ಎರಡೂಕಾಲು ಅಡಿಯ ಆಸುಪಾಸು. ಅಂಥ ಎರಡು ಪತ್ರಿಕೆಗಳನ್ನು ಪಕ್ಕಪಕ್ಕದಲ್ಲಿ ಹಾಸಿ, ಇನ್ನೊಂದನ್ನು ಅರ್ಧಕ್ಕಿಂತ ತುಸು ಹೆಚ್ಚು ಮಡಿಸದೆ ಸೇರಿಸಿದರೆ ಆ ಅಳತೆ ಬಂತು. ಎದುರುಬದರು ಬರುವ ಇಬ್ಬರು ಭುಜ ಓರೆ ಮಾಡದೆ ದಾಟಿಹೋಗಲು ಬೇಕಾದ ಜಾಗ ಅಷ್ಟೇ. ಇದು ವೈಭವದ ಅಳತೆಯಲ್ಲ, ಕನಿಷ್ಠದ ಅಳತೆ.

ಇಲ್ಲಿ ಒಂದು ಮಾತನ್ನು ಲಕ್ಷ್ಯಕ್ಕೆ ತಂದುಕೊಳ್ಳಬೇಕು. ಫುಟ್‌ಪಾತಿನ ಅಗಲ ಬೇರೆ, ತೆರವಾದ ಅಗಲ ಬೇರೆ. ಎಂಟು ಅಡಿಯ ಫುಟ್‌ಪಾತು ಕಾಗದದ ಮೇಲೆ ಚೆಂದವೇ. ಆದರೆ ಅದರ ನಡುವೆ ದೀಪದ ಕಂಬ, ಇಪ್ಪತ್ತು ಹೆಜ್ಜೆಯಾಚೆ ಗೋಡೆಗೆ ಹತ್ತಿ ವಿದ್ಯುತ್ತಿನ ಪೆಟ್ಟಿಗೆ, ಅದರಾಚೆ ಅಂಚಿನಲ್ಲಿ ಜಾಹೀರಾತಿನ ಹಲಗೆ ಹೀಗೆ ಒಂದೊಂದು ಒಂದೊಂದು ಕಡೆ ನಿಂತರೆ ನಡೆಯುವವನು ಹಾವಿನಂತೆ ಬಳುಕುತ್ತ ಹೋಗಬೇಕಾಗುತ್ತದೆ. ಅವನಿಗೆ ಸಿಕ್ಕ ನಿಜವಾದ ದಾರಿ ಎರಡೋ ಮೂರೋ ಅಡಿ. ಅವೇ ಸಾಮಾನುಗಳನ್ನು ರಸ್ತೆಯ ಕಡೆಯ ಅಂಚಿನಲ್ಲಿ ಒಂದೇ ಸಾಲಿನಲ್ಲಿ ನಿಲ್ಲಿಸಿದ್ದರೆ ಉಳಿದ ಐದಾರು ಅಡಿ ನೇರವಾಗಿ ಸಿಗುತ್ತಿತ್ತು. ಆದ್ದರಿಂದಲೇ ಸೂತ್ರಕಾರರು ಫುಟ್‌ಪಾತನ್ನು ಮೂರು ಪಟ್ಟಿಗಳಾಗಿ ಭಾಗಿಸುತ್ತಾರೆ: ಅಂಗಡಿ ಮನೆಗಳ ಮೆಟ್ಟಿಲಿಗೆ ಒತ್ತಿದ ಪಟ್ಟಿ, ನಡುವೆ ನಡೆಯುವ ಪಟ್ಟಿ, ರಸ್ತೆಯ ಅಂಚಿಗೆ ಸಾಮಾನು ಮತ್ತು ಮರಗಳ ಪಟ್ಟಿ. ಸಾಲುಮರದ ದಾರಿಯನ್ನು ಬಲ್ಲ ನಮ್ಮ ಹಿರಿಯರಿಗೆ ಇದು ಹೊಸದೇನೂ ಅಲ್ಲ. ಮಾಗಡಿ ಸೀಮೆಯ ಹುಲಿಕಲ್ಲಿನಿಂದ ಕುದೂರಿಗೆ ಹೋಗುವ ದಾರಿಯಲ್ಲಿ ಸಾಲುಮರದ ತಿಮ್ಮಕ್ಕನವರು ಬೆಳೆಸಿದ ೩೮೫ ಆಲದ ಮರಗಳು ಸಾಲಾಗಿ ಅಂಚಿನಲ್ಲಿ ನಿಂತಿವೆಯೇ ಹೊರತು ದಾರಿಯ ನಡುವೆ ನಿಂತಿಲ್ಲ.

ಇಷ್ಟು ಸರಳವಾದ ಸಂಗತಿ ನಗರಗಳಲ್ಲಿ ಏಕೆ ಕೆಡುತ್ತದೆ? ಒಂದು ಬೀದಿಗೆ ಒಡೆಯರು ಬಹಳ. ನಮ್ಮ ನಾಗಪುರದಲ್ಲಿ ಬೀದಿದೀಪ ಮಹಾನಗರಪಾಲಿಕೆಯದು, ವಿದ್ಯುತ್ತಿನ ಪೆಟ್ಟಿಗೆ ವಿದ್ಯುತ್ ಕಂಪನಿಯದು, ತಂತಿಯ ಪೆಟ್ಟಿಗೆ ದೂರವಾಣಿ ಕಂಪನಿಯದು, ಸಂಚಾರದ ದೀಪಕ್ಕೆ ಪೊಲೀಸರ ಅನುಮತಿ, ಅಂಗಡಿಯ ಮುಂದಿನ ಹಲಗೆ ಅಂಗಡಿಯವನದು. ಪ್ರತಿಯೊಬ್ಬರೂ ತಮ್ಮ ತಂತಿಗೆ, ತಮ್ಮ ಕೊಳವೆಗೆ ಅನುಕೂಲವಾದ ಜಾಗವನ್ನು ಹುಡುಕುತ್ತಾರೆ. ಇವರಲ್ಲಿ ಯಾರೂ ದುಷ್ಟರಲ್ಲ. ಆದರೆ ಎಲ್ಲರೂ ಸೇರಿ ಮಾಡಿದ ಒಟ್ಟು ಫಲವನ್ನು ನೋಡುವವನು ಕಚೇರಿಯಲ್ಲಿ ಒಬ್ಬನೂ ಇಲ್ಲ. ಅದನ್ನು ದಿನವೂ ನೋಡುವವನು ನಡೆಯುವವನು ಮಾತ್ರ. ಇದರ ಮೇಲೆ ನಾಗಪುರದಲ್ಲಿ ಹಲವು ಕಡೆ ಸಿಮೆಂಟಿನ ರಸ್ತೆಗಳು ಬಂದು ರಸ್ತೆಯ ಮಟ್ಟ ಮೇಲೇರಿದೆ. ಅಂಥಲ್ಲಿ ಹಳೆಯ ಫುಟ್‌ಪಾತು ತಗ್ಗಾಗಿ, ಮಳೆಗಾಲದಲ್ಲಿ ನೀರು ಅಲ್ಲಿಗೇ ಇಳಿಯುತ್ತದೆ. ಚರಂಡಿಯ ಮುಚ್ಚಳವೂ ಬೀದಿಯ ಸಾಮಾನೇ ಎಂಬುದನ್ನು ನಾವು ಮರೆಯುತ್ತೇವೆ. ನೀರು ನಿಂತಾಗ ಕಾಣದ ಸಾಮಾನು ಅದೊಂದೇ.

ಒಡೆಯರನ್ನೆಲ್ಲ ಒಂದೇ ನಕ್ಷೆಯಲ್ಲಿ ಕೂಡಿಸಿದ ಪ್ರಯೋಗ ನಮ್ಮ ಕನ್ನಡ ನಾಡಿನಲ್ಲಿಯೇ ನಡೆದಿದೆ. ಬೆಂಗಳೂರಿನಲ್ಲಿ ಕಳೆದ ದಶಕದಲ್ಲಿ 'ಟೆಂಡರ್ ಶೂರ್' ಎಂಬ ಹೆಸರಿನಿಂದ ರೆಸಿಡೆನ್ಸಿ ರಸ್ತೆ, ಮ್ಯೂಸಿಯಂ ರಸ್ತೆ, ವಿಠಲ ಮಲ್ಯ ರಸ್ತೆ ಮೊದಲಾದುವನ್ನು ಹೊಸದಾಗಿ ಕಟ್ಟಿದರು. ಅಲ್ಲಿಯ ಕ್ರಮವೆಂದರೆ, ನೆಲದ ಕೆಳಗಿನ ಕೆಲಸ ಮೊದಲು. ನೀರಿನ ಕೊಳವೆ, ಒಳಚರಂಡಿ, ವಿದ್ಯುತ್ತು, ದೂರವಾಣಿ ತಂತಿ ಇವಕ್ಕೆ ಬೇರೆ ಬೇರೆ ಹಾದಿಗಳನ್ನು ಮಾಡಿ, ರಿಪೇರಿಗೆ ಬಾಗಿಲುಗಳನ್ನು ಬಿಟ್ಟು, ಅದರ ಮೇಲೆ ಅಗಲವಾದ ಸಮತಟ್ಟಾದ ಫುಟ್‌ಪಾತನ್ನು ಹಾಸಿ, ಕಂಬಗಳನ್ನು ಅಂಚಿಗೆ ಸರಿಸಿದರು. ಖರ್ಚು ವಿಪರೀತವಾಯಿತು, ಮೋಟಾರಿನ ದಾರಿ ಕಿರಿದಾಯಿತು ಎಂಬ ಆಕ್ಷೇಪಗಳು ಬಂದವು. ಖರ್ಚಿನ ಮಾತಿನಲ್ಲಿ ಹುರುಳಿಲ್ಲದಿಲ್ಲ. ಸಿರಿವಂತರ ಅಂಗಡಿಬೀದಿಗಳಿಗೆ ಸಿಕ್ಕಿದ ಈ ಸೌಭಾಗ್ಯ ಕೂಲಿಕಾರರ ಓಣಿಗಳಿಗೆ ಮೊದಲು ಸಿಗಬಹುದಿತ್ತು ಎಂಬುದು ನಮ್ಮ ಅಭಿಪ್ರಾಯ. ಆದರೂ ಆ ಬೀದಿಗಳಲ್ಲಿ ನಡೆದು ಬಂದವರು ಒಂದನ್ನು ಒಪ್ಪುತ್ತಾರೆ: ಅಲ್ಲಿ ಕಣ್ಣು ನೆಲದ ಮೇಲೆ ನೆಟ್ಟಿರಬೇಕಾಗಿಲ್ಲ.

ಅಡ್ಡಿಯ ಮಾತು ಸಾಕು. ಇಲ್ಲದಿರುವ ಸಾಮಾನಿನ ಮಾತಿಗೆ ಬರೋಣ. ಕೆಲವರು ಫುಟ್‌ಪಾತನ್ನು ಪೂರ್ತಿ ಬರಿದು ಮಾಡಿದರೆ ನಡೆಯುವವನಿಗೆ ಸ್ವರ್ಗವೆಂದು ತಿಳಿಯುತ್ತಾರೆ. ನಾಗಪುರದ ಮೇ ತಿಂಗಳನ್ನು ಕಂಡವರು ಹೀಗೆ ಹೇಳಲಾರರು. ಇಲ್ಲಿ ಉಷ್ಣತೆ ೪೭ ಡಿಗ್ರಿಯನ್ನು ದಾಟಿದ ದಿನಗಳುಂಟು. ಅಂಥ ಮಧ್ಯಾಹ್ನ ನೆರಳಿಲ್ಲದ, ಕೂಡಲು ಜಾಗವಿಲ್ಲದ, ನೀರಿಲ್ಲದ ಅರ್ಧ ಮೈಲು ಎಷ್ಟೇ ಅಗಲವಾಗಿದ್ದರೂ ಮುಚ್ಚಿದ ದಾರಿಯೇ ಸರಿ. ಮುದುಕರಿಗೂ ಬಸುರಿಯರಿಗೂ ಬೆಂಚು ಇಲ್ಲದ ಬೀದಿ ಉದ್ದವಾದ ಬೀದಿ. ಅದೇ ಬೀದಿಯಲ್ಲಿ ಇನ್ನೂರು ಹೆಜ್ಜೆಗೊಂದು ಬೆಂಚು ನೆರಳಿನಲ್ಲಿದ್ದರೆ ಅವರು ಅದನ್ನು ಎರಡು ಮೂರು ತುಂಡು ಮಾಡಿ ನಡೆಯುತ್ತಾರೆ.

ಈ ವಿದ್ಯೆಯಲ್ಲಿ ನಮ್ಮ ಪೂರ್ವಿಕರು ನಮಗಿಂತ ಮುಂದಿದ್ದರು. ಅರವಟ್ಟಿಗೆಯ ಹೆಸರು ಕನ್ನಡ ಶಾಸನಗಳಲ್ಲಿಯೇ ಬರುತ್ತದೆ. ದಾರಿಹೋಕರಿಗೆ ನೀರು ಕೊಡುವ ಆ ಧರ್ಮವನ್ನೇ ಇಲ್ಲಿಯವರು ಪಾಣಪೋಯಿ ಎನ್ನುತ್ತಾರೆ. ಬೇಸಗೆಯಲ್ಲಿ ಒದ್ದೆ ಬಟ್ಟೆ ಸುತ್ತಿದ ಮಡಕೆಗಳ ಸಾಲು ಕಂಡರೆ ನಮ್ಮವರಿಗೆ ಊರೇ ನೆನಪಾಗುತ್ತದೆ. ದಕ್ಷಿಣ ಕನ್ನಡ, ಕಾಸರಗೋಡು, ಮಲಬಾರಿನ ಹಳೆಯ ದಾರಿಗಳಲ್ಲಿ ಇನ್ನೊಂದು ಬಗೆಯ ಸಾಮಾನಿತ್ತು. ಎರಡು ಕಲ್ಲುಕಂಬಗಳನ್ನು ನೆಟ್ಟು ಮೇಲೊಂದು ಅಡ್ಡಗಲ್ಲು ಇಡುತ್ತಿದ್ದರು. ಎತ್ತರ ಹೊರೆ ಹೊತ್ತವನ ತಲೆಗೆ ಸಮ. ಹೊರೆಯವನು ಯಾರ ಸಹಾಯವೂ ಇಲ್ಲದೆ ಮೂಟೆಯನ್ನು ಅದರ ಮೇಲೆ ಜಾರಿಸಿ, ದಣಿವಾರಿಸಿಕೊಂಡು, ಮತ್ತೆ ತಲೆಯನ್ನು ಕೆಳಗೆ ಕೊಟ್ಟು ಹೊತ್ತುಕೊಂಡು ಹೋಗಬಹುದಿತ್ತು. ನೆಲಕ್ಕೆ ಇಳಿಸಿದರೆ ಎತ್ತಿ ಕೊಡಲು ಇನ್ನೊಬ್ಬ ಬೇಕು, ಒಂಟಿ ದಾರಿಯಲ್ಲಿ ಆ ಇನ್ನೊಬ್ಬ ಎಲ್ಲಿ? ಈ ಕಲ್ಲನ್ನು ಯೋಚಿಸಿದವನು ಯಾರೋ ತಿಳಿಯದು. ಆದರೆ ಅವನು ಕೂಲಿಯ ಬೆನ್ನನ್ನು ಬಲ್ಲವನೆಂಬುದು ಖಂಡಿತ. ಇಂದಿನ ನಮ್ಮ ಬಸ್ ತಂಗುದಾಣಗಳನ್ನು ಮಾಡುವವರು ಮೂಟೆಯವನನ್ನು, ಉಪಕರಣದ ಚೀಲದವನನ್ನು ಇಷ್ಟು ಆಲೋಚಿಸಿದ್ದರೆ ಎಷ್ಟು ಚೆನ್ನಾಗಿತ್ತು.

ಕೂಡುವ ಜಾಗದ ಬಗೆಗೆ ಅಮೆರಿಕದಲ್ಲಿ ವಿಲಿಯಂ ವೈಟ್ ಎಂಬವರು ಸೊಗಸಾದ ಅಭ್ಯಾಸವೊಂದನ್ನು ಮಾಡಿದರು. ನ್ಯೂಯಾರ್ಕಿನ ಚೌಕಗಳಲ್ಲಿ ಕ್ಯಾಮರಾ ಇಟ್ಟು ಜನ ಎಲ್ಲಿ ಕೂಡುತ್ತಾರೆ, ಎಲ್ಲಿ ಕೂಡುವುದಿಲ್ಲವೆಂದು ನೋಡಿ, ೧೯೮೦ರಲ್ಲಿ ಪುಸ್ತಕ ಬರೆದರು. ಶಿಲ್ಪ, ಕಾರಂಜಿ, ಜಾಗದ ವಿಸ್ತಾರ ಇವೆಲ್ಲಕ್ಕಿಂತ, ಕೂಡಲು ಜಾಗವಿದ್ದಲ್ಲಿ ಜನ ಕೂಡುತ್ತಾರೆ ಎಂಬುದೇ ಅವರ ಶೋಧ. ಓದಿದವರು ನಗಬಹುದು, ಇಷ್ಟನ್ನು ತಿಳಿಯಲು ಕ್ಯಾಮರಾ ಬೇಕಿತ್ತೇ ಎಂದು. ಆದರೆ ಅದನ್ನು ತಿಳಿಯದೆ ಕಟ್ಟಿದ ಚೌಕಗಳು ಲೋಕದಲ್ಲಿ ಎಷ್ಟಿಲ್ಲ! ಸರಿಸಬಹುದಾದ ಕುರ್ಚಿ ಇದ್ದರೆ ಜನ ಕೂಡುವ ಮುನ್ನ ಅದನ್ನು ಒಂದು ಗೇಣಾದರೂ ಸರಿಸುತ್ತಾರೆಂಬುದನ್ನೂ ಅವರು ಕಂಡರು. ನಮ್ಮ ಬೀದಿಗಳಲ್ಲಿ ಕುರ್ಚಿಯನ್ನು ಬಿಟ್ಟರೆ ಸಂಜೆಯೊಳಗೆ ಅದು ಬಹಳ ದೂರ ಸರಿದೀತು, ಆ ಮಾತು ಬೇರೆ. ನಮಗೆ ನೆಲಕ್ಕೆ ಕಚ್ಚಿದ ಬೆಂಚೇ ಲೇಸು. ಒಂದೂವರೆ ಅಡಿ ಎತ್ತರ, ಬೆನ್ನಿಗೆ ಆಸರೆ, ಏಳುವಾಗ ಹಿಡಿಯಲು ಎರಡು ತುದಿಗೆ ಕೈ. ಈಗೀಗ ನಗರಗಳಲ್ಲಿ ಬೆಂಚಿನ ನಡುವೆಯೂ ಒಂದು ಕಬ್ಬಿಣದ ಕೈಯನ್ನು ಹಾಕುತ್ತಾರೆ. ಯಾರೂ ಮಲಗಬಾರದೆಂಬುದು ಅದರ ಉದ್ದೇಶ. ಆಸ್ಪತ್ರೆಯ ಎದುರಿನ ಬೆಂಚಿನ ಮೇಲೆ ರಾತ್ರಿಯೆಲ್ಲ ನಿದ್ದೆಗೆಟ್ಟ ಒಬ್ಬಾತ ಅರ್ಧ ಗಂಟೆ ಮೈಚಾಚಿದರೆ ನಗರಕ್ಕೆ ಏನು ನಷ್ಟವೋ ನಮಗೆ ತಿಳಿಯಲಿಲ್ಲ.

ಇನ್ನು ಚಹದ ಟಪರಿ, ತರ್ರಿ ಪೋಹೆಯ ಗಾಡಿ, ಹಣ್ಣಿನ ಠೇಲಾ. ಇವು ಫುಟ್‌ಪಾತಿನ ಶತ್ರುಗಳೆಂದು ಬರೆಯುವುದು ವಾಡಿಕೆ. ನಾವು ಹಾಗೆ ಬರೆಯಲಾರೆವು. ನಮ್ಮ ಬಂಧುಗಳಲ್ಲಿಯೂ ಗಾಡಿಯಿಂದ ಜೀವನ ಮಾಡುವವರು ಇರಬಹುದು ಎಂಬ ದಾಕ್ಷಿಣ್ಯದಿಂದಷ್ಟೇ ಅಲ್ಲ. ರಾತ್ರಿ ಹತ್ತು ಗಂಟೆಗೆ ಕೆಲಸ ಮುಗಿಸಿ ಬರುವ ನರ್ಸಮ್ಮನಿಗೆ, ಬೀದಿಯಲ್ಲಿ ಒಂದು ಟಪರಿ ತೆರೆದಿದ್ದರೆ ಅಲ್ಲಿ ಬೆಳಕು ಉಂಟು, ನಾಲ್ಕು ಜನ ಉಂಟು. ಜೇನ್ ಜೇಕಬ್ಸ್ ಎಂಬ ಲೇಖಕಿ ೧೯೬೧ರಲ್ಲಿಯೇ ಇದನ್ನು ಎತ್ತಿ ತೋರಿಸಿದ್ದರು: ಬೀದಿಯನ್ನು ಕಾಯುವುದು ಪೊಲೀಸರಿಗಿಂತ ಹೆಚ್ಚಾಗಿ ಬೀದಿಯ ಕಡೆಗೆ ಇರುವ ಸಾಮಾನ್ಯ ಜನರ ಕಣ್ಣುಗಳು. ಆದರೆ ಗಾಡಿಯೂ ಸಾಮಾನೇ ಆದ್ದರಿಂದ ಸಾಮಾನಿನ ನಿಯಮ ಅದಕ್ಕೂ ಅನ್ವಯಿಸುತ್ತದೆ. ಅಂಚಿನ ಪಟ್ಟಿಯಲ್ಲಿ ನಿಂತರೆ ಉಪಕಾರ, ನಡುವಿನ ಪಟ್ಟಿಗೆ ಬಂದರೆ ಅಪಕಾರ. ಗಿರಾಕಿಗಳು ನಿಲ್ಲುವ ಜಾಗವನ್ನೂ ಲೆಕ್ಕಕ್ಕೆ ಹಿಡಿಯಬೇಕು. ೨೦೧೪ರ ಬೀದಿ ವ್ಯಾಪಾರಿಗಳ ಕಾಯಿದೆ ಇದಕ್ಕೊಂದು ದಾರಿ ಮಾಡಿದೆ. ಊರಿಗೊಂದು ವ್ಯಾಪಾರ ಸಮಿತಿ, ಅದರಲ್ಲಿ ಕಡಿಮೆಯೆಂದರೆ ಶೇಕಡಾ ೪೦ರಷ್ಟು ವ್ಯಾಪಾರಿಗಳದೇ ಪ್ರತಿನಿಧಿಗಳು, ಸಮೀಕ್ಷೆ ಮಾಡಿ ಪ್ರಮಾಣಪತ್ರ ಕೊಡುವವರೆಗೆ ಯಾರನ್ನೂ ಎಬ್ಬಿಸಬಾರದೆಂಬ ನಿಯಮ. ಗಾಡಿಯವನು ಕಾಣುತ್ತಾನೆ, ಆದ್ದರಿಂದ ಬೈಸಿಕೊಳ್ಳುತ್ತಾನೆ. ಅವನ ಪಕ್ಕದಲ್ಲಿ ಫುಟ್‌ಪಾತಿನ ಮೇಲೆಯೇ ನಿಲ್ಲಿಸಿದ ಕಾರು ಅವನ ಎರಡರಷ್ಟು ಜಾಗ ತಿಂದರೂ ಅದನ್ನು ಯಾರೂ ಅತಿಕ್ರಮಣವೆನ್ನುವುದಿಲ್ಲ.

ಗಾಡಿ ಮೋಟಾರುಗಳನ್ನು ತಡೆಯಲು ಗಿಡ್ಡ ಕಂಬಗಳನ್ನು ನೆಡುತ್ತಾರೆ. ಇಲ್ಲಿ ಒಂದು ನಿಜವಾದ ತೊಡಕುಂಟು, ಸುಲಭದ ಪರಿಹಾರವಿಲ್ಲ. ಎರಡು ಕಂಬಗಳ ನಡುವೆ ಗಾಲಿಕುರ್ಚಿ ಸರಾಗವಾಗಿ ಹೋಗಲು ೧.೨ ಮೀಟರು ಬೇಕು. ಅಷ್ಟು ಬಿಟ್ಟರೆ ಮೋಟಾರು ಸೈಕಲ್ಲೂ ನುಗ್ಗುತ್ತದೆ. ಕಡಿಮೆ ಮಾಡಿದರೆ ಸೈಕಲ್ಲು ನಿಲ್ಲುತ್ತದೆ, ಗಾಲಿಕುರ್ಚಿಯೂ ನಿಲ್ಲುತ್ತದೆ. ಇಂಥಲ್ಲಿ ಗಾಲಿಕುರ್ಚಿಯ ಪಕ್ಷವನ್ನೇ ವಹಿಸಿ, ಮೋಟಾರು ಸೈಕಲ್ಲಿನವರನ್ನು ದಂಡದಿಂದ ತಡೆಯುವುದು ಸರಿ. ಕಂಬಕ್ಕೆ ದಂಡ ಹಾಕುವ ಶಕ್ತಿ ಇಲ್ಲ, ಪೊಲೀಸಿನವರಿಗೆ ಇದೆ.

ದೃಷ್ಟಿಯಿಲ್ಲದವರಿಗಾಗಿ ಹಾಸುವ ಹಳದಿ ಬಿಲ್ಲೆಗಳನ್ನು ವಾಚಕರು ಮೆಟ್ರೋ ನಿಲ್ದಾಣಗಳಲ್ಲಿ ನೋಡಿರುತ್ತೀರಿ. ಜಪಾನಿನ ಸೆಯಿಚಿ ಮಿಯಾಕೆ ಎಂಬವರು ೧೯೬೫ರಲ್ಲಿ ಇವನ್ನು ಕಂಡುಹಿಡಿದರು. ೧೯೬೭ರಲ್ಲಿ ಒಕಾಯಾಮಾ ನಗರದಲ್ಲಿ ಅಂಧರ ಶಾಲೆಯ ಹತ್ತಿರದ ರಸ್ತೆಯಲ್ಲಿ ಮೊದಲಿಗೆ ಹಾಸಿದರು. ಉದ್ದ ಗೆರೆಗಳಿದ್ದರೆ ಮುಂದೆ ನಡೆ ಎಂದರ್ಥ, ಗುಂಡು ಚುಕ್ಕೆಗಳಿದ್ದರೆ ನಿಲ್ಲು, ಎಚ್ಚರ ಎಂದರ್ಥ. ಅಂಗಾಲಿನಿಂದ ಓದುವ ಲಿಪಿ ಇದು. ಎಷ್ಟೋ ನಗರಗಳಲ್ಲಿ ಈ ಗೆರೆಯನ್ನು ನೇರವಾಗಿ ತಂದು ಕಂಬಕ್ಕೆ ಮುಟ್ಟಿಸಿಬಿಟ್ಟಿರುತ್ತಾರೆ. ಇಂಥ ಬಿಲ್ಲೆಯ ಮೇಲೆ ಬೈಕು ನಿಲ್ಲಿಸುವವರು ತಾವು ಒಂದು ವಾಕ್ಯವನ್ನು ಅಳಿಸುತ್ತಿದ್ದೇವೆಂದು ತಿಳಿಯಬೇಕು.

ದೀಪದ ಬಗೆಗೆ ಎರಡೇ ಮಾತು. ರಸ್ತೆಯ ದೀಪಗಳನ್ನು ಮೋಟಾರಿನವರಿಗಾಗಿ ಎತ್ತರದಲ್ಲಿ ಕಟ್ಟಿರುತ್ತಾರೆ. ಮರ ಬೆಳೆದ ಮೇಲೆ ಬೆಳಕೆಲ್ಲ ಎಲೆಗಳ ಮೇಲೆ ಬಿದ್ದು ಫುಟ್‌ಪಾತು ಕತ್ತಲಲ್ಲಿ ಉಳಿಯುತ್ತದೆ. ಇದಕ್ಕೆ ಮರ ಕಡಿಯುವುದು ಉಪಾಯವಲ್ಲ. ಅದೇ ಕಂಬಕ್ಕೆ ಕೊಂಬೆಗಳ ಕೆಳಗೆ, ಫುಟ್‌ಪಾತಿನ ಕಡೆಗೆ ಇನ್ನೊಂದು ಸಣ್ಣ ದೀಪ ಸಾಕು.

ಹೆಸರಿನ ಹಲಗೆ ಹೊಸಬರ ಬಂಧು. ಊರಿಂದ ಮೊದಲ ಸಲ ಬಂದ ನಮ್ಮ ಹುಡುಗನಿಗೆ ಮೂಲೆಮೂಲೆಗೆ ಹಲಗೆಯಿದ್ದರೆ ಆಟೋದವನನ್ನು ನಂಬಬೇಕಾದ ಗೊಡವೆಯಿಲ್ಲ. ದಾರಿ ಅಳೆಯುವ ಸಾಮಾನಿನ ವಿಷಯದಲ್ಲಿ ನಮ್ಮ ನಾಗಪುರಕ್ಕೆ ದೊಡ್ಡ ಹೆಸರೇ ಇದೆ. ನಾಲ್ಕು ಕುದುರೆಗಳ ನಡುವಿನ ಶೂನ್ಯ ಮೈಲಿಯ ಕಂಬ ಇಲ್ಲಿಯದು. ಇಡೀ ದೇಶದ ದೂರವನ್ನು ಇಲ್ಲಿಂದ ಅಳೆದರೆಂಬ ಪ್ರತೀತಿಯುಂಟು. ಅಂಥ ಊರಿನಲ್ಲಿ ಅಡ್ಡರಸ್ತೆಗಳಿಗೂ ಹಲಗೆ ಇರಬೇಕೆಂದು ಕೇಳುವುದು ಅತಿಯಾಸೆಯೇನಲ್ಲ.

ಕೊನೆಯದಾಗಿ, ನಾವೇನು ಮಾಡಬಹುದೆಂಬ ಪ್ರಶ್ನೆ. ನ್ಯಾಯಾಲಯದ ಬಲ ನಮಗುಂಟು. ೨೦೨೫ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು, ಅಡೆತಡೆಯಿಲ್ಲದ ಫುಟ್‌ಪಾತನ್ನು ಬಳಸುವ ಹಕ್ಕು ಸಂವಿಧಾನದ ೨೧ನೆಯ ವಿಧಿಯಲ್ಲಿ ಹೇಳಿದ ಜೀವಿಸುವ ಹಕ್ಕಿನೊಳಗೆ ಸೇರಿದ್ದೆಂದು, ಅದು ಅಂಗವಿಕಲರಿಗೂ ಬಳಸುವಂತಿರಬೇಕೆಂದು ಹೇಳಿತು. ಹಕ್ಕನ್ನು ಕೇಳುವಾಗ 'ಫುಟ್‌ಪಾತು ಸರಿಯಿಲ್ಲ' ಎಂದು ಬರೆದರೆ ಕಚೇರಿಯಲ್ಲಿ ಯಾರಿಗೂ ಏನೂ ತಿಳಿಯುವುದಿಲ್ಲ. ಯಾವ ಬೀದಿ, ಯಾವ ಕಂಬ, ಕಂಬದ ಮೇಲೆ ಬರೆದ ಸಂಖ್ಯೆ ಏನು, ಅದರ ಪಕ್ಕ ಉಳಿದ ತೆರವು ಎಷ್ಟು ಎಂದು ಬರೆಯಬೇಕು. ಸಾಮಾನಿನ ಒಡೆಯರು ಯಾರೆಂದು ತಿಳಿದು ಅವರಿಗೇ ಬರೆಯಬೇಕು. ವಿದ್ಯುತ್ತಿನ ಪೆಟ್ಟಿಗೆಯ ದೂರನ್ನು ಪಾಲಿಕೆಗೆ ಕೊಟ್ಟರೆ ಅದು ಮೇಜಿನಿಂದ ಮೇಜಿಗೆ ತಿರುಗುತ್ತದೆ. ಒಡೆಯರು ತಿಳಿಯದಿದ್ದರೆ ಪಾಲಿಕೆಯ ವಲಯ ಕಚೇರಿಗೆ ಕೊಟ್ಟು, ಸ್ವೀಕೃತಿಯ ಮುದ್ರೆಯನ್ನು ಪ್ರತಿಯ ಮೇಲೆ ಹಾಕಿಸಿಕೊಳ್ಳಿ.

ಅರ್ಜಿ ಮರಾಠಿಯಲ್ಲಿದ್ದರೆ ಕೆಲಸ ಬೇಗ. ಅದಕ್ಕೆ ಬೇಕಾದ ಕೆಲವು ಮಾತುಗಳು ಇಷ್ಟೇ: ಫುಟ್‌ಪಾತಿಗೆ ಪದಪಥ, ಅಡ್ಡಿಗೆ ಅಡಥಳಾ, ವಿದ್ಯುತ್ ಕಂಬಕ್ಕೆ ವಿಜೇಚಾ ಖಾಂಬ, ಬೀದಿದೀಪಕ್ಕೆ ಪಥದಿವಾ, ಮುಚ್ಚಳಕ್ಕೆ ಝಾಕಣ, ಬೆಂಚಿಗೆ ಬಾಕ. ಮಾದರಿ ಅರ್ಜಿಯೊಂದನ್ನು ವಾಚನಾಲಯದ ಸೂಚನಾಫಲಕಕ್ಕೆ ಅಂಟಿಸಿದೆ. ಅಳತೆಯ ಪಟ್ಟಿಯೊಂದನ್ನು ವೃತ್ತಪತ್ರಿಕೆಗಳ ಮೇಜಿನ ಖಾನೆಯಲ್ಲಿಟ್ಟಿದೆ; ಪುಸ್ತಕದಂತೆಯೇ ಅದನ್ನೂ ದಾಖಲೆಯಲ್ಲಿ ಸಹಿ ಮಾಡಿ ಒಯ್ಯಬಹುದು. ಭಾನುವಾರ ಸಂಜೆಯೊಳಗೆ ಮರಳಿಸಬೇಕು.